ಡ್ಯಾನಿಯೆಲ್ ಸಿಕಲ್ಸ್ ಗೆಟ್ಟಿಸ್‌ಬರ್ಗ್‌ನಲ್ಲಿ ಏಕೆ ಮುಂದಕ್ಕೆ ಹೋದ?

ಅಮೆರಿಕದ ಅಂತರ್ಯುದ್ಧದ ನಡುವೆ, 1863ರ ಜುಲೈ 2ರ ಮಧ್ಯಾಹ್ನ. ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್ ಊರಿನ ದಕ್ಷಿಣಕ್ಕೆ ಒಕ್ಕೂಟ ಸೇನೆಯ (ಬೇರೆಯಾಗಲು ಹೊರಟ ದಕ್ಷಿಣದ ರಾಜ್ಯಗಳ ವಿರುದ್ಧ ಕಾದುತ್ತಿದ್ದ ಉತ್ತರದ ಸೇನೆ) ಒಂದು ಇಡೀ ಕೋರ್, ಅಂದರೆ ಸುಮಾರು 10,700 ಸೈನಿಕರು, ತಮಗೆ ಗೊತ್ತುಮಾಡಿದ ಜಾಗ ಬಿಟ್ಟು ಸುಮಾರು ಒಂದು ಕಿಲೋಮೀಟರ್ ಮುಂದಕ್ಕೆ ನಡೆದರು. ಬಾವುಟ ಹಾರುತ್ತಿತ್ತು, ಸಾಲುಗಳು ನೆಟ್ಟಗಿದ್ದವು. ಆದರೆ ಮೇಲಿನಿಂದ ಆದೇಶ ಬಂದಿರಲಿಲ್ಲ, ಪಕ್ಕದ ಕೋರ್‌ಗೆ ಸುದ್ದಿ ಹೋಗಿರಲಿಲ್ಲ. ಕತ್ತಲಾಗುವ ಹೊತ್ತಿಗೆ ಆ ಕೋರ್‌ನ ಸುಮಾರು 4,200 ಮಂದಿ ಸತ್ತಿದ್ದರು, ಗಾಯಗೊಂಡಿದ್ದರು, ಇಲ್ಲವೇ ಸೆರೆಯಾಗಿದ್ದರು. ಅವರನ್ನು ಮುಂದಕ್ಕೆ ಕರೆದೊಯ್ದ ಮೇಜರ್ ಜನರಲ್ ಡ್ಯಾನಿಯೆಲ್ ಸಿಕಲ್ಸ್ ತನ್ನ ಬಲಗಾಲು ಕಳೆದುಕೊಂಡಿದ್ದ.

ಆ ನಡೆ ತಪ್ಪೋ ಸರಿಯೋ ಎಂಬ ವಾದ 160 ವರ್ಷ ದಾಟಿದರೂ ತೀರಿಲ್ಲ. ಯುದ್ಧಭೂಮಿಯ ನಕ್ಷೆಯೊಂದನ್ನೇ ಹರಡಿಕೊಂಡು ಕೂತರೆ ಅರ್ಧ ಉತ್ತರವಷ್ಟೇ ಸಿಗುತ್ತದೆ. ಸೈನಿಕ ಶಾಲೆಯ ಮೆಟ್ಟಿಲು ಹತ್ತದ ಒಬ್ಬ ವಕೀಲನ ಕೈಗೆ ಹತ್ತು ಸಾವಿರ ಜನರ ಪ್ರಾಣ ಬಂದದ್ದು ಹೇಗೆ ಎಂಬುದೂ ತಿಳಿಯಬೇಕು. ಅದಕ್ಕೆ ನ್ಯೂಯಾರ್ಕ್‌ನಿಂದ ಶುರುಮಾಡುವುದೇ ಸರಿ.

ಟ್ಯಾಮನಿ ಹಾಲ್‌ನ ಹುಡುಗ

ಸಿಕಲ್ಸ್ ಹುಟ್ಟಿದ್ದು 1819ರ ಅಕ್ಟೋಬರ್ 20ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ವಕೀಲ. ಮಗ ಮೊದಲು ಮುದ್ರಣದ ಕೆಲಸ ಕಲಿತ, ಆಮೇಲೆ ಕಾನೂನು ಓದಿದ. 1847ರಲ್ಲೇ ರಾಜ್ಯದ ವಿಧಾನಸಭೆ ಸೇರಿದ. ಅವನ ಹಿಂದೆ ನಿಂತದ್ದು ಟ್ಯಾಮನಿ ಹಾಲ್. ಇದು ನ್ಯೂಯಾರ್ಕ್‌ನ ಡೆಮಾಕ್ರಟಿಕ್ ಪಕ್ಷವನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಸಂಘಟನೆ. ಹಡಗಿನಿಂದ ಇಳಿದ ಐರಿಷ್ ವಲಸಿಗನಿಗೆ ಕೆಲಸ, ಚಳಿಗಾಲಕ್ಕೆ ಕಲ್ಲಿದ್ದಲು, ಪೌರತ್ವದ ಕಾಗದ ಕೊಡಿಸುವುದು, ಚುನಾವಣೆಯ ದಿನ ಅವನ ಮತ ಪಡೆಯುವುದು ಅದರ ದಾರಿ. ಅಲ್ಲಿ ಪಳಗಿದವನು ಮೂರು ಪಾಠ ಕಲಿಯುತ್ತಿದ್ದ: ಜನ ಕೂಡಿಸುವುದು, ಅನುಮತಿಗೆ ಕಾಯದೆ ಮುನ್ನುಗ್ಗುವುದು, ನಡೆದದ್ದನ್ನು ಎಲ್ಲರಿಗಿಂತ ಮೊದಲು ತನ್ನ ಬಾಯಿಂದ ಹೇಳುವುದು. ಮೂರರಲ್ಲೂ ಸಿಕಲ್ಸ್ ಅಸಾಧಾರಣ. ಅವನ ಮುಂದಿನ ಬದುಕಿನ ಪ್ರತಿ ತಿರುವಿನಲ್ಲೂ ಈ ಮೂರೇ ಮತ್ತೆ ಮತ್ತೆ ಎದುರಾಗುತ್ತವೆ.

1852ರಲ್ಲಿ ಎರಡೂ ಮನೆಯವರ ವಿರೋಧದ ನಡುವೆ ತೆರೆಸಾ ಬಜಿಯೋಲಿಯನ್ನು ಮದುವೆಯಾದ. ಅವನ ವಯಸ್ಸಿನ ಅರ್ಧದಷ್ಟೇ ಅವಳದು. ಮರುವರ್ಷ ಲಂಡನ್‌ಗೆ ಹೋಗಿ, ಅಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಜೇಮ್ಸ್ ಬುಕ್ಯಾನನ್‌ಗೆ ಕಾರ್ಯದರ್ಶಿಯಾದ. 1857ರಲ್ಲಿ ಬುಕ್ಯಾನನ್ ಅಧ್ಯಕ್ಷ ಪದವಿಗೇರಿದಾಗ ಸಿಕಲ್ಸ್ ಕಾಂಗ್ರೆಸ್ ಸದಸ್ಯನಾಗಿ ವಾಷಿಂಗ್ಟನ್‌ಗೆ ಬಂದ. ಶ್ವೇತಭವನದ ಎದುರಿನ ಲಾಫಯೆಟ್ ಚೌಕದಲ್ಲೇ ಮನೆ ಹಿಡಿದ.

ಲಾಫಯೆಟ್ ಚೌಕದ ಗುಂಡು

ತೆರೆಸಾಗೂ ವಾಷಿಂಗ್ಟನ್‌ನ ಸರ್ಕಾರಿ ವಕೀಲ ಫಿಲಿಪ್ ಬಾರ್ಟನ್ ಕೀಗೂ ಸಂಬಂಧ ಬೆಳೆಯಿತು. ಅಮೆರಿಕದ ರಾಷ್ಟ್ರಗೀತೆಯ ಸಾಹಿತ್ಯ ಬರೆದ ಫ್ರಾನ್ಸಿಸ್ ಸ್ಕಾಟ್ ಕೀಯ ಮಗ ಈತ. ಹೆಸರಿಲ್ಲದ ಪತ್ರವೊಂದು ಸಿಕಲ್ಸ್‌ನ ಕೈ ಸೇರಿತು. ಅವನು ಹೆಂಡತಿಯಿಂದ ತಪ್ಪೊಪ್ಪಿಗೆ ಬರೆಸಿಕೊಂಡ. ಮರುದಿನ, 1859ರ ಫೆಬ್ರವರಿ 27ರ ಭಾನುವಾರ, ಕೀ ಚೌಕದಲ್ಲಿ ನಿಂತು ಆ ಮನೆಯ ಕಡೆಗೆ ಕರವಸ್ತ್ರ ಬೀಸುತ್ತಿದ್ದುದನ್ನು ಕಂಡ ಸಿಕಲ್ಸ್ ಹೊರಗೆ ಬಂದು, ನಿರಾಯುಧನಾಗಿದ್ದ ಅವನನ್ನು ಹಾಡಹಗಲಲ್ಲೇ, ಸಾಕ್ಷಿಗಳ ಮುಂದೆಯೇ ಗುಂಡಿಟ್ಟು ಕೊಂದ.

ಕೊಂದದ್ದನ್ನು ಅಲ್ಲಗಳೆಯುವಂತಿರಲಿಲ್ಲ. ಪ್ರತಿವಾದಿ ಕಡೆ ಎಂಟು ವಕೀಲರಿದ್ದರು. ಅವರಲ್ಲಿ ಎಡ್ವಿನ್ ಸ್ಟ್ಯಾಂಟನ್ ಒಬ್ಬ. ಮುಂದೆ ಲಿಂಕನ್‌ನ ಯುದ್ಧ ಮಂತ್ರಿಯಾದವನು ಇವನೇ. ಅವರು ವಾದವನ್ನು ಎರಡು ಎಳೆಯಲ್ಲಿ ಹೆಣೆದರು. ಗಂಡನಿಗೆ ಮನೆಯ ಮಾನ ಕಾಯುವ ಹಕ್ಕಿದೆ ಎಂಬುದು ಮೊದಲನೆಯದು. ಯಾವ ಕಾನೂನಿನಲ್ಲೂ ಅದು ಇರಲಿಲ್ಲ, ಆದರೆ ಜ್ಯೂರಿಯಲ್ಲಿ ಕೂತ ಗಂಡಸರ ಮನಸ್ಸಿನಲ್ಲಿ ಇತ್ತು. ಆ ಅನುಕಂಪದ ಮೇಲೆ ತೀರ್ಪು ಕೊಡಲು ಒಂದು ಕಾನೂನಿನ ಗೂಟ ಬೇಕಿತ್ತು. ಅದೇ ಎರಡನೆಯ ಎಳೆ: ಆ ಗಳಿಗೆಯಲ್ಲಿ ಅವನ ಬುದ್ಧಿ ಸ್ವಾಧೀನದಲ್ಲಿರಲಿಲ್ಲ, ಹಿಂದೆ ಹುಚ್ಚನಲ್ಲ, ಮುಂದೆಯೂ ಅಲ್ಲ, ಆ ಹೊತ್ತಿಗೆ ಮಾತ್ರ. ತಾತ್ಕಾಲಿಕ ಬುದ್ಧಿಭ್ರಮಣೆ ಎಂಬ ಈ ವಾದ ಅಮೆರಿಕದಲ್ಲಿ ಗೆದ್ದ ಮೊದಲ ದೊಡ್ಡ ಮೊಕದ್ದಮೆ ಇದೆಂದು ಕಾನೂನಿನ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಗುರುತಿಸುತ್ತಾರೆ. ತೆರೆಸಾಳ ತಪ್ಪೊಪ್ಪಿಗೆಯನ್ನು ನ್ಯಾಯಾಲಯ ಸಾಕ್ಷ್ಯವಾಗಿ ಒಪ್ಪಲಿಲ್ಲ. ಆದರೂ ಅದು ಪತ್ರಿಕೆಗಳಿಗೆ ಸೋರಿ ಊರಿಗೆಲ್ಲ ಗೊತ್ತಾಯಿತು. ಏಪ್ರಿಲ್ 26ರಂದು ಜ್ಯೂರಿ ಒಂದು ಗಂಟೆಗೆ ಸ್ವಲ್ಪ ಹೆಚ್ಚು ಹೊತ್ತು ಚರ್ಚಿಸಿ ಅವನನ್ನು ಬಿಡುಗಡೆ ಮಾಡಿತು.

ಆ ಕಾಲದ ಸಮಾಜ ಹೇಗಿತ್ತೆಂದು ತಿಳಿಯಬೇಕಾದರೆ ಮುಂದಿನದನ್ನು ಗಮನಿಸಬೇಕು. ಕೊಲೆಯನ್ನು ಕ್ಷಮಿಸಿದ ಜನ, ಅವನು ಹೆಂಡತಿಯೊಂದಿಗೆ ರಾಜಿಯಾದದ್ದನ್ನು ಕ್ಷಮಿಸಲಿಲ್ಲ. ಕಾಂಗ್ರೆಸ್ ಸಭಾಂಗಣದಲ್ಲಿ ಅವನ ಪಕ್ಕ ಕೂರುವವರೇ ಇಲ್ಲವಾದರು. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದವಳು ತೆರೆಸಾ. 1867ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲಿರುವಾಗ ಅವಳು ಕ್ಷಯದಿಂದ ತೀರಿಕೊಂಡಳು. 1861ರ ಮಾರ್ಚ್‌ನಲ್ಲಿ ಅವಧಿ ಮುಗಿದಾಗ ಸಿಕಲ್ಸ್‌ನ ರಾಜಕೀಯವೂ ಮುಗಿಯಿತೆಂದೇ ಎಲ್ಲರೂ ಅಂದುಕೊಂಡಿದ್ದರು. ಮರುತಿಂಗಳು ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರ ಫಿರಂಗಿ ಹಾರಿತು, ಅಂತರ್ಯುದ್ಧ ಶುರುವಾಯಿತು.

ವಕೀಲ ಜನರಲ್ ಆಗುವ ವಿಧಾನ

ಆಗ ಅಮೆರಿಕದ ಖಾಯಂ ಸೇನೆಯಲ್ಲಿ ಇದ್ದದ್ದು ಸುಮಾರು 16,000 ಜನ, ಅವರಲ್ಲೂ ಬಹಳಷ್ಟು ಮಂದಿ ಪಶ್ಚಿಮದ ಗಡಿಯಲ್ಲಿ ಚದುರಿದ್ದರು. ಲಿಂಕನ್ ಮೊದಲು ಕೇಳಿದ್ದು 75,000 ಸ್ವಯಂಸೇವಕರನ್ನು, ಅದೂ ಮೂರು ತಿಂಗಳಿಗೆ. ಆಮೇಲೆ ಮೂರು ವರ್ಷದ ಸೇವೆಗೆ ಲಕ್ಷಗಟ್ಟಲೆ ಜನ ಬೇಕಾದರು. ಇಷ್ಟು ಜನರನ್ನು ಕೂಡಿಸುವ ಸರ್ಕಾರಿ ಯಂತ್ರವೇ ಇರಲಿಲ್ಲ. ಕೂಡಿಸಬಲ್ಲವರು ಊರೂರಿನ ರಾಜಕಾರಣಿಗಳು.

ಕ್ರಮ ಹೀಗಿತ್ತು. ಸುಮಾರು ನೂರು ಜನ ಸೇರಿದರೆ ಒಂದು ಕಂಪನಿ, ಹತ್ತು ಕಂಪನಿ ಸೇರಿದರೆ ಒಂದು ರೆಜಿಮೆಂಟ್. ರೆಜಿಮೆಂಟಿನ ಕರ್ನಲ್‌ಗೆ ಅಧಿಕಾರಪತ್ರ ಕೊಡುವವನು ರಾಜ್ಯದ ಗವರ್ನರ್. ನಾಲ್ಕೈದು ರೆಜಿಮೆಂಟಿನ ಬ್ರಿಗೇಡ್‌ಗೆ ಬ್ರಿಗೇಡಿಯರ್ ಜನರಲ್‌ನನ್ನು ಹೆಸರಿಸುವವನು ಅಧ್ಯಕ್ಷ, ಅದಕ್ಕೆ ಸೆನೆಟ್ ಒಪ್ಪಬೇಕು. ಲಿಂಕನ್ ರಿಪಬ್ಲಿಕನ್. ಡೆಮಾಕ್ರಟಿಕ್ ಪಕ್ಷ ಯುದ್ಧದಿಂದ ಹಿಂದೆ ಸರಿದರೆ ಉತ್ತರದ ಅರ್ಧ ಜನ ಹಿಂದೆ ಸರಿದಂತೆ. ಹಾಗಾಗಿ ಜನಬಲವಿದ್ದ ಡೆಮಾಕ್ರಟರಿಗೆ ಜನರಲ್ ಪದವಿ ಕೊಡುವುದು ಅವನಿಗೆ ಅನಿವಾರ್ಯವಾಗಿತ್ತು. ಬೆಂಜಮಿನ್ ಬಟ್ಲರ್, ಜಾನ್ ಮೆಕ್ಲರ್ನಂಡ್, ಜಾನ್ ಲೋಗನ್ ಎಲ್ಲರೂ ಈ ದಾರಿಯಲ್ಲೇ ಬಂದವರು. ಇಂಥವರನ್ನೆಲ್ಲ ಒಟ್ಟಾಗಿ ಹೀಗಳೆಯುವುದು ಸುಲಭ, ಆದರೆ ನ್ಯಾಯವಲ್ಲ. ಲೋಗನ್ ಒಳ್ಳೆಯ ಸೇನಾನಿಯಾದ. ಸೈನಿಕ ಶಾಲೆಯಲ್ಲಿ ಕಲಿತ ಹಲವರು ಸೋತು ಮನೆಗೆ ಹೋದರು.

ಸಿಕಲ್ಸ್ ನ್ಯೂಯಾರ್ಕ್‌ನಲ್ಲಿ ಒಂದು ರೆಜಿಮೆಂಟ್ ಕೇಳಿದರೆ ಒಂದು ಬ್ರಿಗೇಡನ್ನೇ ಕೂಡಿಸಿದ. ಅದೇ ಎಕ್ಸೆಲ್ಸಿಯರ್ ಬ್ರಿಗೇಡ್, ಮುಂದೆ 70ರಿಂದ 74ನೇ ನ್ಯೂಯಾರ್ಕ್ ರೆಜಿಮೆಂಟುಗಳಾದ ಐದು ದಳ. ರಿಪಬ್ಲಿಕನ್ ಗವರ್ನರ್ ಎಡ್ವಿನ್ ಮೋರ್ಗನ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಎಂಟು ಕಂಪನಿ ಉಳಿಸಿಕೊಂಡು ಮಿಕ್ಕವರನ್ನು ಮನೆಗೆ ಕಳಿಸು ಎಂದ. ಸಿಕಲ್ಸ್ ರೈಲು ಹತ್ತಿ ನೇರವಾಗಿ ಲಿಂಕನ್ ಬಳಿಗೆ ಹೋದ, ರಾಜ್ಯವನ್ನು ಬದಿಗಿಟ್ಟು ನೇರ ಒಕ್ಕೂಟದ ಸೇವೆಗೇ ತಮ್ಮನ್ನು ತೆಗೆದುಕೊಳ್ಳಿ ಎಂದು ಕೇಳಿ ಗೆದ್ದ. ಅಲ್ಲಿಯವರೆಗೆ ಅಷ್ಟು ಜನರ ಊಟ, ವಸತಿ, ಬಟ್ಟೆಯ ಹೊಣೆ ಸಾಲದ ಮೇಲೆ, ಮಾತಿನ ಮೇಲೆ ನಡೆಯಿತು. 1862ರ ಮಾರ್ಚ್‌ನಲ್ಲಿ ಸೆನೆಟ್ ಅವನ ಪದವಿಯನ್ನು ತಿರಸ್ಕರಿಸಿತು. ಮೇ ತಿಂಗಳಲ್ಲಿ ಮತ್ತೆ ಹೆಸರು ಹೋದಾಗ ಅಲ್ಪ ಅಂತರದಲ್ಲಿ ಒಪ್ಪಿತು.

ದಕ್ಷಿಣದವರ ರಾಜಧಾನಿ ರಿಚ್‌ಮಂಡ್ ಮೇಲಿನ 1862ರ ದಂಡಯಾತ್ರೆಯಲ್ಲಿ ಅವನ ಬ್ರಿಗೇಡ್ ಕಾದಿತು. ಅವನು ಧೈರ್ಯಶಾಲಿ ಎಂಬುದರಲ್ಲಿ ಸಂಶಯವಿಲ್ಲ, ಸೈನಿಕರಿಗೂ ಅವನೆಂದರೆ ಇಷ್ಟ. ಆದರೆ ಅನುಭವ ಕಡಿಮೆ. ಎರಡನೆಯ ಬುಲ್ ರನ್, ಆಂಟೀಟಮ್ ಕದನಗಳೆರಡರಲ್ಲೂ ಅವನಿರಲಿಲ್ಲ. ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಅವನ ಡಿವಿಷನ್, ಅಂದರೆ ಕೆಲವು ಬ್ರಿಗೇಡ್ ಸೇರಿದ ದಳ, ಬಹುಪಾಲು ಮೀಸಲಿನಲ್ಲೇ ಉಳಿಯಿತು. 1863ರ ಫೆಬ್ರವರಿಯಲ್ಲಿ ಗೆಳೆಯನೂ ಸೇನಾಪತಿಯೂ ಆಗಿದ್ದ ಜೋಸೆಫ್ ಹೂಕರ್ ಅವನಿಗೆ ಮೂರನೇ ಕೋರ್‌ನ ಅಧಿಕಾರ ಕೊಟ್ಟ. ಗೆಟ್ಟಿಸ್‌ಬರ್ಗ್‌ಗೆ ಬಂದ ಏಳು ಕೋರ್‌ಗಳ ಮುಖ್ಯಸ್ಥರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ಓದದವನು ಇವನೊಬ್ಬನೇ.

ಹೇಜಲ್ ಗ್ರೋವ್‌ನ ಕಹಿ

ಗೆಟ್ಟಿಸ್‌ಬರ್ಗ್‌ನ ನಡೆಯ ಬೀಜ ಬಿದ್ದದ್ದು ಎರಡು ತಿಂಗಳ ಹಿಂದೆ, ವರ್ಜೀನಿಯಾದ ಚಾನ್ಸೆಲರ್ಸ್‌ವಿಲ್‌ನಲ್ಲಿ. ಹೇಜಲ್ ಗ್ರೋವ್ ಎಂಬ ತೆರೆದ ದಿಬ್ಬ ಸಿಕಲ್ಸ್‌ನ ಕೈಯಲ್ಲಿತ್ತು. ಮೇ 2ರಂದು ಅಲ್ಲಿಂದ ದಕ್ಷಿಣದ ಸೇನಾನಿ ಸ್ಟೋನ್‌ವಾಲ್ ಜಾಕ್ಸನ್‌ನ ಸೇನೆ ಎದುರಿನಿಂದ ಹಾದುಹೋಗುವುದು ಕಂಡಿತು. ಓಡಿಹೋಗುತ್ತಿದ್ದಾರೆ ಎಂದೇ ಸಿಕಲ್ಸ್ ಭಾವಿಸಿ ಅದರ ಬಾಲದ ಮೇಲೆ ಬಿದ್ದ. ಜಾಕ್ಸನ್ ಓಡುತ್ತಿರಲಿಲ್ಲ, ಸುತ್ತು ಹಾಕಿಕೊಂಡು ಬಂದು ಒಕ್ಕೂಟ ಸೇನೆಯ ಬಲ ಬಗಲಿಗೆ ಬಡಿಯಲು ಹೊರಟಿದ್ದ, ಸಂಜೆಗೆ ಬಡಿದ.

ಮರುದಿನ ಬೆಳಗ್ಗೆ ಹೂಕರ್ ಹೇಜಲ್ ಗ್ರೋವ್ ಬಿಟ್ಟು ಬಾ ಎಂದ. ಸಿಕಲ್ಸ್ ಬಿಟ್ಟು ಬಂದ. ಅವನು ಇಳಿಯುತ್ತಿದ್ದಂತೆ ದಕ್ಷಿಣದವರು ಅದೇ ದಿಬ್ಬಕ್ಕೆ ಸಾಲುಸಾಲಾಗಿ ಫಿರಂಗಿ ಏರಿಸಿ, ಅವನ ಕೋರ್ ಹೋಗಿ ನಿಂತ ತಗ್ಗಿನ ಜಾಗವನ್ನು ಬಡಿದು ಹಾಕಿದರು. ಆಜ್ಞೆ ಪಾಲಿಸಿದ್ದಕ್ಕೆ ತನ್ನ ಜನ ಸತ್ತರು ಎಂಬುದು ಸಿಕಲ್ಸ್‌ನ ತಲೆಯಲ್ಲಿ ಅಚ್ಚೊತ್ತಿತು.

ಜುಲೈ 2ರ ನೆಲ

ಜೂನ್ 28ರಂದು ಹೂಕರ್ ಹೋಗಿ ಜಾರ್ಜ್ ಮೀಡ್ ಸೇನಾಪತಿಯಾದ. ಸಿಕಲ್ಸ್‌ಗೆ ಆಸರೆಯಾಗಿದ್ದ ಗೆಳೆತನ ಅಲ್ಲಿಗೆ ಹೋಯಿತು. ಮೀಡ್‌ಗೂ ಅವನಿಗೂ ಸರಿಬರುತ್ತಿರಲಿಲ್ಲ.

ಗೆಟ್ಟಿಸ್‌ಬರ್ಗ್‌ನಲ್ಲಿ ಒಕ್ಕೂಟ ಸೇನೆಯ ಸಾಲು ಮೀನಿನ ಗಾಳದ ಆಕಾರದಲ್ಲಿತ್ತು. ಕೊಕ್ಕೆಯ ಕಡೆ ಉತ್ತರದಲ್ಲಿ ಕಲ್ಪ್ಸ್ ಗುಡ್ಡ, ಬಾಗಿನಲ್ಲಿ ಸ್ಮಶಾನದ ಗುಡ್ಡ. ಅಲ್ಲಿಂದ ದಕ್ಷಿಣಕ್ಕೆ ಗಾಳದ ಕಡ್ಡಿಯಂತೆ ನೇರವಾಗಿ ಹೋಗುವ ದಿಣ್ಣೆ, ತುದಿಯಲ್ಲಿ ಲಿಟ್ಲ್ ರೌಂಡ್ ಟಾಪ್ ಎಂಬ ಬಂಡೆಗುಡ್ಡ. ಸಿಕಲ್ಸ್‌ಗೆ ಹೇಳಿದ್ದು: ಹ್ಯಾಂಕಾಕ್‌ನ ಎರಡನೇ ಕೋರ್‌ನ ಎಡ ತುದಿಯಿಂದ ಈ ಬಂಡೆಗುಡ್ಡದವರೆಗೆ ನಿಲ್ಲು.

ಅವನ ದೂರು ಇಲ್ಲಿಂದ ಶುರು, ಅದರಲ್ಲಿ ಹುರುಳೂ ಇತ್ತು. ದಿಣ್ಣೆ ದಕ್ಷಿಣಕ್ಕೆ ಹೋದಂತೆ ಇಳಿಯುತ್ತಾ, ಅವನ ಭಾಗದಲ್ಲಿ ಹೆಸರಿಗಷ್ಟೇ ದಿಣ್ಣೆಯಾಗಿತ್ತು. ಎದುರಿಗೆ ಮರ, ಬಂಡೆ. ಫಿರಂಗಿಗೆ ದೃಷ್ಟಿ ಸಿಗದು. ಸುಮಾರು ಒಂದು ಕಿಲೋಮೀಟರ್ ಮುಂದೆ, ಎಮಿಟ್ಸ್‌ಬರ್ಗ್ ರಸ್ತೆಯ ಮೇಲೆ, ಶೆರ್ಫಿ ಎಂಬ ರೈತನ ಪೀಚ್ ತೋಪು ಎತ್ತರದಲ್ಲಿತ್ತು. ಶತ್ರು ಅಲ್ಲಿಗೆ ಫಿರಂಗಿ ಏರಿಸಿದರೆ? ಅವನ ಕಣ್ಣ ಮುಂದೆ ಬಂದದ್ದು ಹೇಜಲ್ ಗ್ರೋವ್.

ಬೆಳಗಿನ ಹೊತ್ತು ಅವನು ಮೀಡ್‌ನ ಬಳಿಗೆ ಹೋಗಿ ಹೇಳಿದ. ಮೀಡ್‌ನ ಗಮನವೆಲ್ಲ ಬಲಭಾಗದ ಮೇಲಿತ್ತು, ಹೇಳಿದ ಜಾಗದಲ್ಲೇ ನಿಲ್ಲು ಎಂದ. ಫಿರಂಗಿದಳದ ಮುಖ್ಯಸ್ಥ ಹೆನ್ರಿ ಹಂಟ್ ಬಂದು ನೆಲ ನೋಡಿದ. ಮುಂದಿನ ಜಾಗಕ್ಕೆ ಗುಣವಿದೆ, ಆದರೆ ಅಲ್ಲಿಗೆ ಹೋಗಲು ಅನುಮತಿ ಕೊಡುವ ಅಧಿಕಾರ ನನ್ನದಲ್ಲ, ಮೊದಲು ಎದುರಿನ ಕಾಡು ಶೋಧಿಸು ಎಂದ. ಮಧ್ಯಾಹ್ನದ ಹೊತ್ತಿಗೆ ಸುಮಾರು 300 ಜನ ಕಾಡಿಗೆ ಹೋಗಿ ದಕ್ಷಿಣದವರ ಅಲಬಾಮಾ ದಳಕ್ಕೆ ಡಿಕ್ಕಿ ಹೊಡೆದರು. ಎಡ ಬಗಲನ್ನು ಕಾಯುತ್ತಿದ್ದ ಬ್ಯೂಫರ್ಡ್‌ನ ಅಶ್ವದಳವನ್ನು ಬೇರೆ ದಳ ಬರುವ ಮುಂಚೆಯೇ ವಾಪಸು ಕಳಿಸಲಾಗಿತ್ತು. ಆ ತಪ್ಪು ಸಿಕಲ್ಸ್‌ನದಲ್ಲ. ಶತ್ರು ನಮ್ಮ ಎಡಕ್ಕೇ ಬರುತ್ತಿದ್ದಾನೆ ಎಂಬ ಅವನ ಅಂದಾಜು ಸರಿಯಾಗಿತ್ತು, ಮೀಡ್‌ನದು ಸರಿಯಿರಲಿಲ್ಲ. ಇಷ್ಟನ್ನು ಸಿಕಲ್ಸ್‌ನ ಕಡು ವಿರೋಧಿಗಳೂ ಒಪ್ಪಿಕೊಳ್ಳಬೇಕು.

ಮಧ್ಯಾಹ್ನ ಎರಡು ಮೂರು ಗಂಟೆಯ ಹೊತ್ತಿಗೆ ಅವನು ಮುಂದಕ್ಕೆ ಸಾಗಿದ. ಕೆಟ್ಟದ್ದೆಲ್ಲ ಇಲ್ಲಿಂದ ಮುಂದೆ.

ಮೊದಲು ಲೆಕ್ಕ ನೋಡೋಣ. ಆಗಿನ ಕಾಲ್ದಳ ಎರಡು ಸಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಿತ್ತು, ಒಬ್ಬನಿಗೆ ಸುಮಾರು 60 ಸೆಂಟಿಮೀಟರ್ ಜಾಗ. ಅವನಿಗೆ ಕೊಟ್ಟ ಸಾಲು ಸುಮಾರು ಒಂದೂವರೆ ಕಿಲೋಮೀಟರ್. ಅದನ್ನು ತುಂಬಲು ಸುಮಾರು 5,000 ಜನ ಸಾಕು, ಅಷ್ಟೇ ಜನ ಹಿಂದೆ ಮೀಸಲಿಗೆ ಉಳಿಯುತ್ತಾರೆ. ಅವನು ಹಿಡಿದ ಹೊಸ ಸಾಲು ಹತ್ತಿರ ಹತ್ತಿರ ಎರಡೂವರೆ ಕಿಲೋಮೀಟರ್. ಅದನ್ನು ಅದೇ ರೀತಿ ತುಂಬಲು 8,000ಕ್ಕೂ ಹೆಚ್ಚು ಜನ ಬೇಕು. ಫಿರಂಗಿಯವರು, ಅಧಿಕಾರಿಗಳು ಕಳೆದರೆ ಮೀಸಲು ಎಂಬುದೇ ಉಳಿಯದು. ಒಂದು ಉಂಡೆ ಹಿಟ್ಟಿನಲ್ಲಿ ತಟ್ಟಬೇಕಾದಕ್ಕಿಂತ ದೊಡ್ಡ ರೊಟ್ಟಿ ತಟ್ಟಿದರೆ ಹೇಗೆ ನಡುವೆ ಹರಿಯುತ್ತದೋ ಹಾಗೆ. ನಿಜವಾಗಿ ನಡೆದದ್ದೂ ಅದೇ. ಮೀಸಲಿನಲ್ಲಿರಬೇಕಿದ್ದ ಬರ್ಲಿಂಗ್‌ನ ಬ್ರಿಗೇಡನ್ನು ಒಂದೊಂದು ರೆಜಿಮೆಂಟಾಗಿ ಕಿತ್ತು ಅಲ್ಲಲ್ಲಿಯ ಬಿರುಕಿಗೆ ತುರುಕಿದರು. ಕೊನೆಗೆ ಆ ಬ್ರಿಗೇಡ್ ಒಂದು ಬ್ರಿಗೇಡಾಗಿ ಕಾದಲೇ ಇಲ್ಲ.

ಎರಡನೆಯದು ಮೂಲೆ. ಹೊಸ ಸಾಲು ಡೆವಿಲ್ಸ್ ಡೆನ್ ಎಂಬ ಬಂಡೆರಾಶಿಯಿಂದ ಗೋಧಿ ಹೊಲದ ಮೂಲಕ ವಾಯವ್ಯಕ್ಕೆ ಏರಿ ಪೀಚ್ ತೋಪಿಗೆ ಬಂದು, ಅಲ್ಲಿ ಥಟ್ಟನೆ ತಿರುಗಿ ರಸ್ತೆಯ ಗುಂಟ ಈಶಾನ್ಯಕ್ಕೆ ಹೋಗುತ್ತಿತ್ತು. ಹೀಗೆ ಶತ್ರುವಿನ ಕಡೆ ಮುಂಚಾಚಿದ ಮೂಲೆಯನ್ನು ಎರಡು ಕಡೆಯಿಂದ ಹೊಡೆಯಬಹುದು. ದಕ್ಷಿಣದಿಂದ ಹಾರಿದ ಗುಂಡು ರಸ್ತೆಯ ಸಾಲಿನ ಉದ್ದಕ್ಕೂ ಉರುಳುತ್ತದೆ. ಪಶ್ಚಿಮದಿಂದ ಗುರಿ ಮೀರಿ ಹಾರಿದ್ದು ಇನ್ನೊಂದು ಸಾಲಿನ ಬೆನ್ನಿಗೆ ಬೀಳುತ್ತದೆ. ಮೂಲೆಯಲ್ಲಿ ನಿಂತವನಿಗೆ ಮರೆಯೇ ಇಲ್ಲ. ಮೂಲೆ ಮುರಿದರೆ ಎರಡೂ ಸಾಲು ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಎರಡು ತುದಿಗಳೂ ಗಾಳಿಯಲ್ಲಿ ತೂಗುತ್ತಿದ್ದವು. ಬಲ ತುದಿಗೂ ಹ್ಯಾಂಕಾಕ್‌ನ ಕೋರ್‌ಗೂ ನಡುವೆ ದೊಡ್ಡ ಬಿರುಕು ಬಿತ್ತು. ಎಡ ತುದಿ ಡೆವಿಲ್ಸ್ ಡೆನ್‌ನಲ್ಲೇ ನಿಂತದ್ದರಿಂದ ಲಿಟ್ಲ್ ರೌಂಡ್ ಟಾಪ್ ಬರಿದಾಯಿತು. ಇಡೀ ಸೇನೆಯ ಸಾಲನ್ನು ಅಡ್ಡದಿಂದ ನೋಡಬಲ್ಲ ಗುಡ್ಡ ಅದು. ಎತ್ತರದ ಜಾಗ ಬೇಕೆಂದು ಹೊರಟವನು ಅದಕ್ಕಿಂತ ಎತ್ತರದ ಜಾಗವನ್ನು ಕಾವಲಿಲ್ಲದೆ ಬಿಟ್ಟ.

ಮೀಡ್ ಕುದುರೆ ಓಡಿಸಿಕೊಂಡು ಬಂದು ನೋಡಿದಾಗ ತಡವಾಗಿತ್ತು. ಸಿಕಲ್ಸ್ ಬೇಕಾದರೆ ಹಿಂದೆ ಸರಿಯುತ್ತೇನೆ ಎಂದ. ಶತ್ರು ಈಗ ನಿನ್ನನ್ನು ಸರಿಯಗೊಡುವುದಿಲ್ಲ ಎಂಬ ಅರ್ಥದ ಮಾತನ್ನು ಮೀಡ್ ಆಡಿದ. ದಕ್ಷಿಣದವರ ಫಿರಂಗಿಗಳು ಆಗಲೇ ಗುಡುಗುತ್ತಿದ್ದವು.

ನಾಲ್ಕು ಗಂಟೆಯ ಸುಮಾರಿಗೆ ದಕ್ಷಿಣದ ಸೇನಾನಿ ಲಾಂಗ್‌ಸ್ಟ್ರೀಟ್‌ನ ದಾಳಿ ಶುರುವಾಯಿತು. ಮೊದಲು ಹುಡ್‌ನ ಡಿವಿಷನ್ ಡೆವಿಲ್ಸ್ ಡೆನ್ ಮತ್ತು ಬಂಡೆಗುಡ್ಡದ ಕಡೆ ನುಗ್ಗಿತು. ಒಕ್ಕೂಟ ಸೇನೆಯ ಎಂಜಿನಿಯರ್ ಅಧಿಕಾರಿ ವಾರನ್ ಆ ಗುಡ್ಡ ಖಾಲಿಯಿರುವುದನ್ನು ಕಂಡು ದಳ ಬೇಡಿದ, ಐದನೇ ಕೋರ್‌ನ ವಿನ್ಸೆಂಟ್‌ನ ಬ್ರಿಗೇಡ್ ಕೆಲವೇ ನಿಮಿಷ ಮುಂಚಿತವಾಗಿ ಅಲ್ಲಿಗೇರಿತು. ಗೋಧಿ ಹೊಲ ಸಂಜೆಯೊಳಗೆ ಹಲವು ಸಲ ಕೈ ಬದಲಾಯಿಸಿತು. ಆರರ ಹೊತ್ತಿಗೆ ಬಾರ್ಕ್ಸ್‌ಡೇಲ್‌ನ ಮಿಸಿಸಿಪ್ಪಿ ಬ್ರಿಗೇಡ್ ಪೀಚ್ ತೋಪಿನ ಮೂಲೆಯನ್ನು ಒಡೆಯಿತು. ಅಲ್ಲಿದ್ದ ಸಿಕಲ್ಸ್‌ನ ಬ್ರಿಗೇಡಿನ ಮುಖ್ಯಸ್ಥ ಗ್ರೇಯಂ ಗಾಯಗೊಂಡು ಸೆರೆಯಾದ. ಮೂಲೆ ಒಡೆದ ಮೇಲೆ ರಸ್ತೆಯ ಗುಂಟ ನಿಂತಿದ್ದ ಹಂಫ್ರೀಸ್‌ನ ಡಿವಿಷನ್‌ಗೆ ಎದುರಿನಿಂದಲೂ ಬಗಲಿನಿಂದಲೂ ಏಟು ಬಿತ್ತು. ಸಿಕಲ್ಸ್ ತಾನೇ ಕೂಡಿಸಿದ್ದ ಎಕ್ಸೆಲ್ಸಿಯರ್ ಬ್ರಿಗೇಡ್ ನಿಂತಿದ್ದದ್ದು ಆ ಡಿವಿಷನ್‌ನಲ್ಲೇ.

ಬಿರುಕು ಮುಚ್ಚಲು ಮೀಡ್ ಐದನೇ ಕೋರ್ ಕಳಿಸಿದ, ಹ್ಯಾಂಕಾಕ್‌ನ ಒಂದು ಡಿವಿಷನ್ ಕಳಿಸಿದ, ಬಲದಿಂದ ಹನ್ನೆರಡನೇ ಕೋರ್‌ನ ಬಹುಪಾಲನ್ನು ಎಳೆದು ತಂದ. ಹ್ಯಾಂಕಾಕ್‌ಗೆ ಕೆಲವು ನಿಮಿಷ ಬೇಕಾಗಿದ್ದ ಒಂದು ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದು ಒಂದನೇ ಮಿನೆಸೋಟಾ ರೆಜಿಮೆಂಟ್ ಒಂದೇ. 262 ಜನ ಬಯೋನೆಟ್ ಹಿಡಿದು ತಮಗಿಂತ ಎಷ್ಟೋ ಪಟ್ಟು ದೊಡ್ಡ ದಳದ ಮೇಲೆ ಓಡಿದರು. ಅವರಲ್ಲಿ 215 ಮಂದಿ ಬಿದ್ದರೆಂಬುದು ಸಾಂಪ್ರದಾಯಿಕ ಲೆಕ್ಕ. ಸಿಕಲ್ಸ್‌ನ ಪರ ವಾದಿಸುವವರು ಉತ್ತರ ಕೊಡಬೇಕಾದದ್ದು ಮೊದಲು ಇವರಿಗೆ.

ಕಾಲು

ಮೂಲೆ ಒಡೆಯುತ್ತಿದ್ದ ಹೊತ್ತಿನಲ್ಲೇ, ಟ್ರೋಸ್ಟಲ್ ಎಂಬ ರೈತನ ಕಣಜದ ಬಳಿ ಕುದುರೆಯ ಮೇಲಿದ್ದ ಸಿಕಲ್ಸ್‌ನ ಬಲಗಾಲಿಗೆ ಫಿರಂಗಿ ಗುಂಡು ಬಡಿಯಿತು. ಸೈನ್ಯದ ವೈದ್ಯ ಸಂಗ್ರಹಾಲಯದ ದಾಖಲೆಯ ಪ್ರಕಾರ ಅದು 12 ಪೌಂಡ್, ಅಂದರೆ ಸುಮಾರು ಐದೂವರೆ ಕಿಲೋ ತೂಕದ ಗುಂಡು. ಮೂಳೆ ಪುಡಿಯಾಯಿತು. ಜೀನಿನ ಪಟ್ಟಿಯನ್ನು ತೊಡೆಗೆ ಬಿಗಿದು ರಕ್ತ ನಿಲ್ಲಿಸಿದರು. ಜನರಲ್ ಸತ್ತನೆಂಬ ಸುದ್ದಿ ಹಬ್ಬಿದರೆ ಸಾಲು ಇನ್ನಷ್ಟು ಬೇಗ ಮುರಿಯುತ್ತದೆ. ಹಾಗಾಗಿ ಅವನು ಬಾಯಲ್ಲಿ ಸಿಗಾರ್ ಇಟ್ಟುಕೊಂಡು, ಸೈನಿಕರಿಗೆ ಕಾಣುವಂತೆ ಡೋಲಿಯಲ್ಲಿ ಹೊರಟ.

ಅದೇ ಸಂಜೆ ವೈದ್ಯ ಥಾಮಸ್ ಸಿಮ್ ಕಾಲನ್ನು ತೊಡೆಯಲ್ಲಿ ಕತ್ತರಿಸಿದ. ಬೇಗ ಕತ್ತರಿಸಿದ್ದೇ ಅವನ ಪ್ರಾಣ ಉಳಿಸಿರಬೇಕು. ಸೋಂಕು ನಿವಾರಕ ಶಸ್ತ್ರಚಿಕಿತ್ಸೆ ಬರಲು ಇನ್ನೂ ನಾಲ್ಕು ವರ್ಷ ಬೇಕಿತ್ತು. ಗಾಯವಾದ ಒಂದೆರಡು ದಿನದೊಳಗೆ, ಕೀವು ಏರುವ ಮುಂಚೆ ಕತ್ತರಿಸಿದವರು ಬದುಕುವುದು ಹೆಚ್ಚು ಎಂಬುದನ್ನು ಆ ಯುದ್ಧದ ವೈದ್ಯರು ಅನುಭವದಿಂದ ಕಂಡುಕೊಂಡಿದ್ದರು. ಕತ್ತರಿಸಿದ ಅಂಗಗಳನ್ನು ಅಧ್ಯಯನಕ್ಕೆ ಕಳಿಸಿ ಎಂದು ಸೇನೆಯ ವೈದ್ಯ ಮುಖ್ಯಸ್ಥರು 1862ರಲ್ಲೇ ಸೂಚಿಸಿದ್ದರು. ಸಿಕಲ್ಸ್‌ನ ಮೂಳೆ ಪುಟ್ಟ ಪೆಟ್ಟಿಗೆಯಲ್ಲಿ, ಅವನ ಭೇಟಿ ಚೀಟಿಯ ಸಮೇತ ವಾಷಿಂಗ್ಟನ್‌ಗೆ ಹೋಯಿತು. ಈಗ ಅದು ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನ ಸಂಗ್ರಹಾಲಯದಲ್ಲಿದೆ. ಕಾಲಿನ ಎರಡು ಮೂಳೆಗಳು ನಡುವೆ ಚೂರುಚೂರಾಗಿರುವುದನ್ನು ನೋಡಿದರೆ ಬೇರೆ ಚಿಕಿತ್ಸೆ ಸಾಧ್ಯವೇ ಇರಲಿಲ್ಲ ಎಂಬುದು ತಿಳಿಯುತ್ತದೆ.

ಎರಡನೆಯ ಕದನ

ಮೂರೇ ದಿನಕ್ಕೆ ಸಿಕಲ್ಸ್ ವಾಷಿಂಗ್ಟನ್ ತಲುಪಿದ. ಲಿಂಕನ್ ನೋಡಲು ಬಂದ. ಮಂಚದ ಮೇಲೆ ಮಲಗಿದ್ದ ಗಾಯಾಳು ಜುಲೈ 2ರ ಕಥೆಯನ್ನು ತನ್ನ ರೀತಿಯಲ್ಲಿ ಹೇಳಿದ. ಮೀಡ್ ಇನ್ನೂ ರಣರಂಗದಲ್ಲಿದ್ದ. 1864ರ ಆರಂಭದಲ್ಲಿ ಕಾಂಗ್ರೆಸ್‌ನ ಯುದ್ಧ ಸಮಿತಿಯ ಮುಂದೆ ಸಿಕಲ್ಸ್, ಮೀಡ್ ಗೆಟ್ಟಿಸ್‌ಬರ್ಗ್ ಬಿಟ್ಟು ಹಿಂದೆ ಸರಿಯಲು ಬಯಸಿದ್ದ, ನನ್ನ ನಡೆಯೇ ಕದನ ಉಳಿಸಿತು ಎಂದು ಸಾಕ್ಷಿ ನುಡಿದ. ಅದೇ ವಾದವನ್ನು ‘ಹಿಸ್ಟಾರಿಕಸ್’ ಎಂಬ ಗುಪ್ತನಾಮದ ಲೇಖನ ನ್ಯೂಯಾರ್ಕ್ ಹೆರಾಲ್ಡ್‌ನಲ್ಲಿ ಮಾಡಿತು. ಅದರ ಹಿಂದೆ ಸಿಕಲ್ಸ್‌ನ ಕೈ ಇತ್ತೆಂದೇ ಹೆಚ್ಚಿನವರು ನಂಬಿದ್ದರು. ಕಾಲು ಕಳೆದುಕೊಂಡವನ ಮೇಲೆ ಸೈನಿಕ ವಿಚಾರಣೆ ನಡೆಸುವ ಮನಸ್ಸು ಯಾರಿಗೂ ಬರಲಿಲ್ಲ. ಅವನಿಗೆ ಮತ್ತೆ ರಣರಂಗದ ಅಧಿಕಾರವೂ ಸಿಗಲಿಲ್ಲ.

ಅವನ ವಾದದಲ್ಲಿ ತೂಕದ ಅಂಶ ಒಂದಿದೆ. ಒಕ್ಕೂಟದ ಎಡ ತುದಿ ಬೇರೆಲ್ಲೋ ಇದೆಯೆಂದುಕೊಂಡು, ಎಮಿಟ್ಸ್‌ಬರ್ಗ್ ರಸ್ತೆಯ ಗುಂಟ ಮೇಲೇರಿ ಬಡಿಯುವುದು ದಕ್ಷಿಣದ ಸೇನಾಪತಿ ಲೀಯ ಯೋಜನೆ. ಪೀಚ್ ತೋಪಿನಲ್ಲಿ ಇಡೀ ಕೋರ್ ನಿಂತಿರುವುದನ್ನು ಕಂಡು ದಕ್ಷಿಣದವರು ಬೆಚ್ಚಿದರು. ಅವರ ಕಸುವು ಬಹುಪಾಲು ಆ ಮುಂಚಾಚಿದ ಸಾಲನ್ನು ಒಡೆಯುವುದರಲ್ಲೇ ಕರಗಿತು. ಮೂಲ ದಿಣ್ಣೆಗೆ ಬರುವಷ್ಟರಲ್ಲಿ ಅವರು ದಣಿದಿದ್ದರು.

ಇದಕ್ಕೆ ಉತ್ತರ ಎದುರಾಳಿಯ ಬಾಯಿಂದಲೇ ಬಂದಿದೆ. ದಕ್ಷಿಣದ ಫಿರಂಗಿ ಅಧಿಕಾರಿ ಪೋರ್ಟರ್ ಅಲೆಕ್ಸಾಂಡರ್ ಸಂಜೆ ಪೀಚ್ ತೋಪು ಗೆದ್ದು ಅಲ್ಲಿಗೆ ಫಿರಂಗಿ ತಂದಾಗ ನಿರಾಶನಾದೆ ಎಂದು ಬರೆದಿದ್ದಾನೆ. ಅವನಿಗೆ ಕಂಡದ್ದು ಒಡೆದ ಮುಖ್ಯ ಸಾಲಲ್ಲ. ಸುಮಾರು ಸಾವಿರ ಗಜ ಆಚೆ, ಮುಖ್ಯ ಸಾಲು ದಿಣ್ಣೆಯ ಮೇಲೆ ಇನ್ನೂ ನಿಂತಿತ್ತು. ಪೀಚ್ ತೋಪು ಹೇಜಲ್ ಗ್ರೋವ್‌ನಂಥದ್ದಾಗಿರಲಿಲ್ಲ. ಸಿಕಲ್ಸ್ ಹಿಂದಿನ ಕದನದ ಪಾಠವನ್ನು ಬೇರೆ ನೆಲಕ್ಕೆ ಹಾಗೇ ಹಚ್ಚಿದ. ನನ್ನ ಅಭಿಪ್ರಾಯದಲ್ಲಿ ಅವನ ಆತಂಕ ನಿಜ, ಅಪಾಯದ ದಿಕ್ಕನ್ನು ಗುರುತಿಸಿದ್ದೂ ನಿಜ. ತೋಪಿಗೆ ಒಂದು ಬಲವಾದ ಕಾವಲು ದಳ, ಕೆಲವು ಫಿರಂಗಿ ಕಳಿಸಿ ಕೋರನ್ನು ಹಿಂದೆಯೇ ಉಳಿಸಿಕೊಂಡಿದ್ದರೆ ದಾಳಿಯ ವೇಗ ಮುರಿಯುವ ಲಾಭವೂ ಸಿಗುತ್ತಿತ್ತು, ಬಂಡೆಗುಡ್ಡವೂ ಉಳಿಯುತ್ತಿತ್ತು. ಕ್ಷಮಿಸಲಾಗದ್ದು ಹ್ಯಾಂಕಾಕ್‌ಗೆ ಹೇಳದೆ ಹೋದದ್ದು. ಪಕ್ಕದವನಿಗೆ ಒಬ್ಬ ಸವಾರನನ್ನು ಕಳಿಸಲು ಎಷ್ಟು ಹೊತ್ತು ಬೇಕಿತ್ತು?

ಆಮೇಲಿನ ಐವತ್ತು ವರ್ಷ

ಯುದ್ಧ ಮುಗಿದ ಮೇಲೆ ದಕ್ಷಿಣ ಕೆರೊಲೈನಾದ ಸೈನಿಕ ಆಡಳಿತ ಅವನಿಗೆ ಬಂತು. ಬಿಡುಗಡೆ ಹೊಂದಿದ ಕಪ್ಪು ಜನರನ್ನು ಮತ್ತೆ ಕಟ್ಟಿಹಾಕಲು ಆ ರಾಜ್ಯ ಮಾಡಿದ್ದ ‘ಕಪ್ಪು ಸಂಹಿತೆ’ಗಳನ್ನು 1866ರ ಜನವರಿ 1ರಂದು ಅವನು ರದ್ದು ಮಾಡಿ, ಕಾನೂನು ಎಲ್ಲ ನಿವಾಸಿಗಳಿಗೂ ಒಂದೇ ಎಂದ. ಮರುವರ್ಷ ಸಾಲಕ್ಕಾಗಿ ಜೈಲಿಗೆ ಹಾಕುವುದನ್ನೂ ನಿಲ್ಲಿಸಿದ. 1867ರ ಆಗಸ್ಟ್‌ನಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅವನನ್ನು ತೆಗೆದುಹಾಕಿದ. ಗೆಟ್ಟಿಸ್‌ಬರ್ಗ್‌ನ ಗದ್ದಲದಲ್ಲಿ ಈ ಕೆಲಸ ಮರೆಯಾಗಿದೆ. ಅವನ ಬದುಕಿನಲ್ಲಿ ಅನುಮತಿಗೆ ಕಾಯದ ಸ್ವಭಾವ ಬಡವರಿಗೆ ಒಳಿತು ಮಾಡಿದ ಕಾಲವಿದ್ದರೆ ಅದು ಇದೇ.

1869ರಿಂದ 1874ರವರೆಗೆ ಸ್ಪೇನ್‌ನಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದ, ಅಲ್ಲೇ ಮತ್ತೆ ಮದುವೆಯಾದ. 1893ರಲ್ಲಿ, ಮೂವತ್ತು ವರ್ಷಕ್ಕೂ ಹೆಚ್ಚಿನ ಅಂತರದ ಮೇಲೆ ಕಾಂಗ್ರೆಸ್‌ಗೆ ಹಿಂತಿರುಗಿದ. ಗೆಟ್ಟಿಸ್‌ಬರ್ಗ್ ಕದನಭೂಮಿಯನ್ನು ರಾಷ್ಟ್ರೀಯ ಸೈನಿಕ ಉದ್ಯಾನವಾಗಿಸಿದ 1895ರ ಕಾಯ್ದೆಗೆ ದುಡಿದವನು ಅವನೇ. ಖಾಸಗಿ ಕೈಗಳಿಗೆ ಹಂಚಿಹೋಗುತ್ತಿದ್ದ ಆ ನೆಲ ಇವತ್ತು ಉಳಿದಿರುವುದರಲ್ಲಿ ಅವನ ಪಾಲು ದೊಡ್ಡದು. 1897ರಲ್ಲಿ ಶೌರ್ಯಕ್ಕಾಗಿ ಮೆಡಲ್ ಆಫ್ ಆನರ್ ಬಂತು. ನ್ಯೂಯಾರ್ಕ್ ರಾಜ್ಯದ ಸ್ಮಾರಕ ಸಮಿತಿಯ ಅಧ್ಯಕ್ಷನಾಗಿ ಹಲವು ವರ್ಷ ಇದ್ದು, ಸುಮಾರು 28,000 ಡಾಲರ್ ಲೆಕ್ಕ ಸಿಗದೆ 1912ರಲ್ಲಿ ಆ ಸ್ಥಾನ ಕಳೆದುಕೊಂಡ. 1914ರ ಮೇ 3ರಂದು, 94ರ ವಯಸ್ಸಿನಲ್ಲಿ ತೀರಿಕೊಂಡ. ಸಮಾಧಿ ಆರ್ಲಿಂಗ್ಟನ್‌ನಲ್ಲಿದೆ.

ವಾಷಿಂಗ್ಟನ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಗೆಟ್ಟಿಸ್‌ಬರ್ಗ್ ಒಂದೂವರೆ ಎರಡು ಗಂಟೆಯ ದಾರಿ. ಹೋದರೆ ನೇರ ಪೀಚ್ ತೋಪಿಗೆ ಹೋಗಬೇಡಿ. ಮೊದಲು ಪೆನ್ಸಿಲ್ವೇನಿಯಾ ಸ್ಮಾರಕದ ಬಳಿ ದಿಣ್ಣೆಯ ಮೇಲೆ ನಿಂತು, ಅಲ್ಲಿಂದ ದಕ್ಷಿಣಕ್ಕೆ ನಡೆಯಿರಿ. ಕಾಲ ಕೆಳಗೆ ನೆಲ ಮೆಲ್ಲನೆ ಇಳಿಯುವುದು ನಿಮಗೇ ತಿಳಿಯುತ್ತದೆ. ತೀರಾ ತಗ್ಗಿನಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ರಸ್ತೆಯ ಬಳಿಯ ಏರು ಕಣ್ಣಿಗೆ ಅಡ್ಡವಾಗುತ್ತದೆ, ಸಿಕಲ್ಸ್‌ನ ಚಡಪಡಿಕೆ ಅರ್ಥವಾಗುತ್ತದೆ. ಆಮೇಲೆ ಪೀಚ್ ತೋಪಿಗೆ ಹೋಗಿ ಹಿಂತಿರುಗಿ ನೋಡಿ. ಬಲಗಡೆ ಲಿಟ್ಲ್ ರೌಂಡ್ ಟಾಪ್ ತಲೆಯೆತ್ತಿ ನಿಂತಿರುತ್ತದೆ, ಎಡಗಡೆ ಹ್ಯಾಂಕಾಕ್‌ನ ಸಾಲು ಬಹು ದೂರದಲ್ಲಿ ಕಾಣುತ್ತದೆ. ತೋಪಿಗೆ ಹತ್ತಿರದಲ್ಲೇ ಎಕ್ಸೆಲ್ಸಿಯರ್ ಬ್ರಿಗೇಡ್‌ನ ಐದು ಮುಖದ ಸ್ಮಾರಕವಿದೆ. ಅದರ ನಡುವೆ ಒಂದು ಪ್ರತಿಮೆಗೆ ಜಾಗ ಬಿಟ್ಟಿದ್ದಾರೆ, ಅದು ಇವತ್ತಿಗೂ ಖಾಲಿಯಾಗಿಯೇ ಇದೆ.